ವಾರಕ್ಕೊಂದು ಪೀರಿಯಡ್ ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮತ್ತು ನಮ್ಮ ರಾಜ್ಯದ ಪಠ್ಯಕ್ರಮ, ಪಠ್ಯಪುಸ್ತಕ ರೂಪಿಸುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಚಾಮರಾಜನಗರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಎಂಟು, ಒಂಬತ್ತು, ಹತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ ಬಿಟ್ಟುಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಪೀರಿಯಡ್ಡಿಗೆ ಹೊಸ ಲ್ಯಾಬ್ ಬೇಡ, ಟ್ಯಾಬ್ ಬೇಡ, ಇನ್ನೊಂದು ಆ್ಯಪ್ ಅಂತೂ ಬೇಡವೇ ಬೇಡ. ಒಂದು ಬೋರ್ಡು, ಟೀಚರ್ ಕೈಯಲ್ಲಿ ಒಂದು ಫೋನು ಇದ್ದರೆ ಸಾಕು. ಮಕ್ಕಳ ಕಣ್ಣಿಗೆ ದಿನಾ ಬೀಳುವ ಸುದ್ದಿ, ವಿಡಿಯೊ, ಲಿಂಕು, ಈಗೀಗ ಎಐ ಬರೆದುಕೊಡುವ ಉತ್ತರ, ಇವನ್ನೆಲ್ಲ ನಂಬುವ ಮೊದಲು ಹೇಗೆ ನೋಡಬೇಕು ಅನ್ನುವುದನ್ನು ಅಲ್ಲಿ ಕಲಿಸಬೇಕು.

ಈ ಮಾತಿಗೆ ನಾನು ಒಂದೇ ಸಲಕ್ಕೆ ಬಂದವಳಲ್ಲ. ಶಾಲೆಗೆ ಬಂದ ಒಂದೊಂದು ಯಂತ್ರವೂ ನನ್ನ ಅಭಿಪ್ರಾಯವನ್ನು ಸ್ವಲ್ಪ ಸ್ವಲ್ಪ ಬದಲಿಸಿದೆ. ಅದನ್ನು ಹೇಳಿದರೆ ನನ್ನ ಕೋರಿಕೆ ಎಲ್ಲಿಂದ ಬಂತು ಅನ್ನುವುದು ನಿಮಗೂ ತಿಳಿಯುತ್ತದೆ.

ನಾನು ಮೊದಲು ಇದ್ದದ್ದು ಪ್ರಾಥಮಿಕ ಶಾಲೆಯಲ್ಲಿ. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಎಜುಸ್ಯಾಟ್ ಹಾರಿಸಿತ್ತು. ಶಿಕ್ಷಣಕ್ಕೆಂದೇ ದೇಶ ಮಾಡಿದ ಮೊದಲ ಉಪಗ್ರಹ ಅದು. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನೇ. ಹೆಂಚಿನ ಶಾಲೆಗಳ ಪಕ್ಕದಲ್ಲೂ ದೊಡ್ಡ ಡಿಶ್ ಎದ್ದು ನಿಂತಿತು. ಒಳಗೆ ಟಿವಿ. ಊರಿನವರೆಲ್ಲ ಬಂದು ನೋಡಿಹೋದರು. ಹಿಂದುಳಿದ ಜಿಲ್ಲೆ ಅನ್ನಿಸಿಕೊಂಡವರ ಮನೆ ಬಾಗಿಲಿಗೆ ಉಪಗ್ರಹದ ಪಾಠ ಬರುತ್ತೆ ಅಂದರೆ ಸಣ್ಣ ಮಾತಲ್ಲ. ನನಗೂ ತುಂಬಾ ಹೆಮ್ಮೆ ಇತ್ತು.

ಪಾಠಗಳು ಚೆನ್ನಾಗಿಯೇ ಇದ್ದವು. ಆದರೆ ಆ ಡಿಶ್ ಪಾಠವನ್ನು ಇಳಿಸಿಕೊಳ್ಳುತ್ತಿತ್ತು, ಅಷ್ಟೇ. ನಮ್ಮ ಮಕ್ಕಳ ಪ್ರಶ್ನೆ ಅದರಲ್ಲಿ ವಾಪಸ್ ಹೋಗುತ್ತಿರಲಿಲ್ಲ. ಕರೆಂಟು ಹೋದರೆ ಅರ್ಧ ಪಾಠ ಹೋಯಿತು. ಅದೇ ಕಾಲದಲ್ಲಿ ಆಕಾಶವಾಣಿಯಲ್ಲಿ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಬರುತ್ತಿದ್ದವು. ರೇಡಿಯೊ ಹಳೇ ಯಂತ್ರ. ಆದರೆ ಆ ಕಾರ್ಯಕ್ರಮ ನಡುವೆ ನಿಲ್ಲಿಸಿ ಮಕ್ಕಳನ್ನು ಮಾತಾಡಿಸುತ್ತಿತ್ತು, ಹಾಡಿಸುತ್ತಿತ್ತು, ಟೀಚರಿಗೂ ಒಂದು ಕೆಲಸ ಹೇಳುತ್ತಿತ್ತು. ರೇಡಿಯೊ ದಿನ ನಮ್ಮ ಕೊಠಡಿಯಲ್ಲಿ ಗದ್ದಲವೋ ಗದ್ದಲ. ಟಿವಿ ದಿನ ಎಲ್ಲರೂ ಕೈಕಟ್ಟಿ ಕೂರುತ್ತಿದ್ದರು. ಯಂತ್ರ ಎಷ್ಟು ಹೊಸದು ಅನ್ನುವುದಕ್ಕಿಂತ ಅದರ ಮುಂದೆ ಕೂತ ಮಗು ಏನು ಮಾಡ್ತಿದೆ ಅನ್ನುವುದನ್ನು ನೋಡಬೇಕು ಎಂದು ನನಗೆ ಮೊದಲು ಅನಿಸಿದ್ದು ಆಗ.

ಆಮೇಲೆ ಪ್ರೌಢಶಾಲೆಗೆ ಬಂದೆ. ತಂತ್ರಜ್ಞಾನ ಬಳಸಿ ಪಾಠ ಮಾಡುವುದನ್ನು ಶಿಕ್ಷಕರಿಗೆ ಕಲಿಸುವ ಟಾಲ್ಪ್ ತರಬೇತಿಗೆ ಹೋದೆ. ಪಿಪಿಟಿ ಮಾಡುವುದು, ವಿಡಿಯೊ ಜೋಡಿಸುವುದು ಕಲಿತೆ. ಪ್ರೊಜೆಕ್ಟರ್ ಹಾಕಿ ಗೂಗಲ್ ಅರ್ಥ್‌ನಲ್ಲಿ ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಕಾವೇರಿ ಜೊತೆ ಮಕ್ಕಳನ್ನು ಕರೆದುಕೊಂಡು ಹೋದ ದಿನ ಇಡೀ ತರಗತಿ ಎದ್ದು ನಿಂತಿತ್ತು. ಶಿವನಸಮುದ್ರದ ಹತ್ತಿರ ನದಿ ಎರಡು ಕವಲಾಗುವುದನ್ನು ಮೇಲಿಂದ ನೋಡಿ, ‘ಮಿಸ್, ನಮ್ಮೂರು ತೋರಿಸಿ’ ಎಂದು ಒಬ್ಬೊಬ್ಬರೂ ಶುರುಮಾಡಿದರು. ಅಟ್ಲಾಸಿನಲ್ಲಿ ನಾನು ಅಷ್ಟು ವರ್ಷ ಗೀಚಿ ತೋರಿಸಿದ್ದು ಒಂದು ಗಳಿಗೆಯಲ್ಲಿ ಅವರಿಗೆ ಅರ್ಥವಾಯಿತು. 2017ರಲ್ಲಿ ದೀಕ್ಷಾ ಎನ್ನುವ ಆನ್‌ಲೈನ್ ಪಾಠಗಳ ತಾಣ ಬಂತು, ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬಂತು. ಪ್ರತಿ ಮಗುವಿಗೂ ಒಂದು ಸಾಧನ, ಒಂದು ನೆಟ್‌ವರ್ಕ್ ಸಿಕ್ಕರೆ ಬೆಂಗಳೂರಿನ ಮಗುವಿಗೂ ನಮ್ಮ ಮಗುವಿಗೂ ಇರುವ ಅಂತರ ಮುಚ್ಚುತ್ತದೆ ಎಂದು ನಾನು ಸಭೆಗಳಲ್ಲಿ ಎದ್ದು ನಿಂತು ಹೇಳುತ್ತಿದ್ದ ಕಾಲ ಅದು.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ ಪಾಠ ಬಂತು, ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಗಾರೆ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ರಾತ್ರಿ ಬಂದ ಮೇಲೆ ಮೊದಲು ಅಣ್ಣನಿಗೆ, ಆಮೇಲೆ ಉಳಿದರೆ ತಂಗಿಗೆ. ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಎಷ್ಟೋ ಕಡೆ ಸಿಗ್ನಲ್ ಇಲ್ಲ. ಆ ಮಕ್ಕಳು ನಮಗೆ ತಿಂಗಳುಗಟ್ಟಲೆ ಕಾಣಲೇ ಇಲ್ಲ. ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಕಲಿಸುವ ವಿದ್ಯಾಗಮ ಶುರುವಾದಾಗ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆ ಅಂಗಳ, ಎಲ್ಲೆಂದರಲ್ಲಿ ಪಾಠ ಮಾಡಿದೆವು. ಮಕ್ಕಳು ಓಡಿಬಂದರು. ಕೈಗೆ ಫೋನು ಬಂದರೆ ಅಂತರ ತಾನಾಗಿಯೇ ಮುಚ್ಚುವುದಿಲ್ಲ, ಮನೆಯೊಳಗಿನ ಅಂತರ ಫೋನಿನೊಳಗೂ ಬರುತ್ತದೆ ಎಂದು ಆ ವರ್ಷ ನನ್ನ ವಿಚಾರ ಬದಲಾಯಿತು.

ಆ ವರ್ಷ ಹೋದ ಮೇಲೆ ಉಳಿದದ್ದು ಫೋನು. ಕಷ್ಟಪಟ್ಟು, ಸಾಲ ಮಾಡಿ, ಮಕ್ಕಳ ಓದಿಗೆ ಅಂತ ಕೊಂಡ ಫೋನು. ಶಾಲೆ ತೆರೆಯಿತು, ಆನ್‌ಲೈನ್ ಪಾಠ ನಿಂತಿತು, ಫೋನು ಮನೆಯಲ್ಲೇ ಉಳಿಯಿತು. ಅದರಲ್ಲಿ ಈಗ ಏನು ಬರುತ್ತಿದೆ ಎಂದು ಕೇಳುವವರು ಯಾರೂ ಇಲ್ಲ. ಮಕ್ಕಳ ಕಲಿಕೆಯ ಸಮೀಕ್ಷೆಯಾದ 2024ರ ಅಸರ್ ವರದಿ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳ ಬಗ್ಗೆ ಇದನ್ನೇ ಹೇಳುತ್ತದೆ. ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ, ಕೇಳಿದ ದಿನಕ್ಕೆ ಹಿಂದಿನ ವಾರದಲ್ಲಿ ಓದಿನ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಜಾಲತಾಣ ಬಳಸುವವರಲ್ಲಿ ತಮ್ಮ ಪ್ರೊಫೈಲ್ ಅನ್ನು ಪ್ರೈವೇಟ್ ಮಾಡಿಕೊಳ್ಳಲು ಗೊತ್ತಿದ್ದವರು ಶೇ 55ರಷ್ಟು ಮಾತ್ರ. ಬಳಸಲು ಮಕ್ಕಳು ಯಾರ ಸಹಾಯವೂ ಇಲ್ಲದೆ ಕಲಿತಿದ್ದಾರೆ. ಕಲಿಸಬೇಕಾದದ್ದು ಉಳಿದ ಭಾಗ.

ಒಂದು ದಿನದ ತರಗತಿಯನ್ನು ನಿಮಗೆ ವಿವರವಾಗಿ ಹೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮರುದಿನ ಭಾನುವಾರ. ಸೋಮವಾರ ಶಾಲೆಗೆ ಬರುವಷ್ಟರಲ್ಲಿ ಮಕ್ಕಳ ಬಾಯಲ್ಲಿ ‘ಟಿಬಿ ಡ್ಯಾಮ್ ಒಡೆದುಹೋಯ್ತಂತೆ ಮಿಸ್, ಊರೂರೇ ಮುಳುಗಿವೆಯಂತೆ’. ಒಬ್ಬ ಹುಡುಗನ ಚಿಕ್ಕಪ್ಪ ಹೊಸಪೇಟೆ ಕಡೆ ಕೆಲಸಕ್ಕೆ ಹೋಗಿದ್ದರು. ಅವನ ಮುಖ ಬಾಡಿತ್ತು. ವಿಡಿಯೊ ನೋಡಿದ್ದೇವೆ ಎಂದರು. ಅದೇ ವಿಡಿಯೊ ನಮ್ಮ ಊರಿನ ಗುಂಪಿನಿಂದ ನನ್ನ ಫೋನಿಗೂ ಬಂದಿತ್ತು. ಅಂದಿನ ಪಾಠ ಬದಿಗಿಟ್ಟು ಅದನ್ನೇ ನೋಡೋಣ ಎಂದೆ.

ಮೊದಲು ಬೋರ್ಡಿನ ಮೇಲೆ ಎರಡು ಕಾಲಂ ಬರೆದೆ. ‘ನಮಗೆ ಗೊತ್ತಿರೋದು’, ‘ಯಾರೋ ಹೇಳಿದ್ದು’. ಮಕ್ಕಳು ಹೇಳಿದ್ದೆಲ್ಲ ಎರಡನೇ ಕಾಲಂಗೇ ಹೋಯಿತು. ಆಮೇಲೆ ಸ್ಟಾಫ್ ರೂಮಿನಿಂದ ಅವತ್ತಿನ ಪೇಪರ್ ತರಿಸಿದೆ. ಒಟ್ಟು 33 ಗೇಟು, ಹೋಗಿದ್ದು ಒಂದು. ಅಣೆಕಟ್ಟೆಯ ಕಟ್ಟೋಣಕ್ಕೆ ಏನೂ ಆಗಿಲ್ಲ. ಒತ್ತಡ ತಗ್ಗಿಸಲು ಬೇರೆ ಗೇಟುಗಳಿಂದಲೂ ನೀರು ಬಿಡುತ್ತಿದ್ದಾರೆ, ನದಿ ಪಾತ್ರದವರಿಗೆ ಎಚ್ಚರಿಕೆ ಕೊಟ್ಟಿದ್ದಾರೆ. ಅಂದರೆ ಸುದ್ದಿ ಪೂರ್ತಿ ಸುಳ್ಳಲ್ಲ. ಒಂದು ಗೇಟು ಹೋಗಿದ್ದು ನಿಜ, ಡ್ಯಾಮ್ ಒಡೆದದ್ದು ಸುಳ್ಳು. ನಿಜದ ಜೊತೆ ಸೇರಿಕೊಂಡು ಬಂದ ಸುಳ್ಳನ್ನು ಹಿಡಿಯುವುದೇ ಕಷ್ಟ. ನಮ್ಮ ಮಕ್ಕಳಿಗೆ ಹೆಚ್ಚಾಗಿ ಬರುವುದೂ ಅಂಥದ್ದೇ.

ಆಮೇಲೆ ವಿಡಿಯೊ. ಶಬ್ದ ತೆಗೆದು, ನಿಲ್ಲಿಸಿ ನಿಲ್ಲಿಸಿ ನೋಡಿ ಎಂದು ಫೋನನ್ನು ಬೆಂಚಿನಿಂದ ಬೆಂಚಿಗೆ ಕೊಟ್ಟೆ. ನೀರು ನುಗ್ಗುತ್ತಿದೆ, ಸೇತುವೆ ಇದೆ, ಜನ ಓಡುತ್ತಿದ್ದಾರೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, ‘ಮಿಸ್, ಇಲ್ಲಿ ಕಾರುಗಳು ರಸ್ತೆ ಬಲಗಡೆ ಹೋಗ್ತಿವೆ’ ಎಂದಳು. ಎಲ್ಲರೂ ಮತ್ತೆ ನೋಡಿದರು. ಹೌದು. ನಮ್ಮ ದೇಶದಲ್ಲಿ ಎಡಗಡೆ ಹೋಗಬೇಕು. ಇದು ಹೊಸಪೇಟೆ ಅಲ್ಲ, ಇಂಡಿಯಾನೂ ಅಲ್ಲ. ಅವಳಿಗೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಅಂದು ಸಂಜೆ ಆ ಹುಡುಗ ಚಿಕ್ಕಪ್ಪನಿಗೆ ಫೋನ್ ಮಾಡಿ ಮಾತಾಡಿದ. ಮಾರನೇ ದಿನ ಮೂರು ನಾಲ್ಕು ಮಕ್ಕಳು ‘ನಮ್ಮ ಮನೆ ಗುಂಪಲ್ಲಿ ಇದು ಸುಳ್ಳು ಅಂತ ಹಾಕಿದ್ವಿ’ ಎಂದು ಹೇಳಿದರು. ಮಾವನೋ ಅಜ್ಜನೋ ಬೈದರಂತೆ. ಆದರೂ ಹಾಕಿದ್ದಾರೆ.

ನಾನು ಕೇಳುತ್ತಿರುವ ಪೀರಿಯಡ್ ಅಂದರೆ ಇದೇ.

ಇದು ತುರ್ತಾಗಿ ಬೇಕು ಎನ್ನಲು ನಮ್ಮ ರಾಜ್ಯದ್ದೇ ಒಂದು ನೋವಿನ ಕಾರಣವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅವರು ಸ್ನೇಹಿತರ ಜೊತೆ ಬಂದಿದ್ದರು, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂದು ವಾಟ್ಸ್‌ಆ್ಯಪಿನಲ್ಲಿ ಹರಡಿತು. ಅದಕ್ಕೂ ಮೊದಲು ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಹೀಗೇ ಒಬ್ಬರನ್ನು ಕೊಂದಿದ್ದರು. ದೇಶದ ಬೇರೆ ಬೇರೆ ಕಡೆ ಇಂಥವೇ ಸಾವುಗಳಾದ ಮೇಲೆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಿಂತ ಜಾಸ್ತಿ ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಕಂಪನಿ ತನ್ನ ಆ್ಯಪಿನಲ್ಲಿ ಒಂದು ಬದಲಾವಣೆ ಮಾಡಿತು. ಶಾಲೆ ತನ್ನ ಪಾಠದಲ್ಲಿ ಏನು ಬದಲಾಯಿಸಿತು? ಆ ವರ್ಷ ಹೈಸ್ಕೂಲಿನಲ್ಲಿದ್ದವರು ಈಗ ಮತದಾರರು, ಕೆಲವರು ಆಗಲೇ ಅಪ್ಪ ಅಮ್ಮಂದಿರು.

ಇನ್ನು ಲಿಂಕಿನ ವಿಷಯ. ಉಚಿತ ಲ್ಯಾಪ್‌ಟಾಪ್, ಸ್ಕಾಲರ್‌ಶಿಪ್ ಅಂತ ಬರುವ ಸಂದೇಶಗಳನ್ನು ನಂಬಿ ನಮ್ಮ ಮಕ್ಕಳು ಆಧಾರ್ ಸಂಖ್ಯೆ, ಅಪ್ಪನ ಬ್ಯಾಂಕ್ ವಿವರ ಎಲ್ಲ ತುಂಬುತ್ತಾರೆ. ಬಡವರ ಮನೆಗೆ ಸರ್ಕಾರದ ಸ್ಕಾಲರ್‌ಶಿಪ್ ನಿಜವಾಗಿಯೂ ಆನ್‌ಲೈನಿನಲ್ಲೇ ಬರುವುದರಿಂದ ನಂಬುವುದು ಸಹಜ, ಅಲ್ವಾ? ನಾನು ಬೋರ್ಡಿನ ಮೇಲೆ ವಿಳಾಸಗಳನ್ನು ಬರೆದು ಓದಿಸುತ್ತೇನೆ. ಅಂಚೆ ವಿಳಾಸದಲ್ಲಿ ಕೊನೇ ಸಾಲಿನ ಪಿನ್‌ಕೋಡ್ ನೋಡಿ ಊರು ಹೇಳುವ ಹಾಗೆ ಇಲ್ಲೂ ಕೊನೆಯಿಂದ ಓದಬೇಕು. ಶುರುವಿನ ‘https://’ ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಬರುವ ಮುಂಚಿನ ಭಾಗ ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿದರೆ ಅದು ಸರ್ಕಾರದ್ದು. ‘ಗವ್’ ಅನ್ನುವುದು ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಮುಟ್ಟಬೇಡಿ. ಇಷ್ಟು ಹೇಳಿಕೊಡಲು ಅರ್ಧ ಪೀರಿಯಡ್ ಸಾಕು. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದೂ ಅದೇ ಪಾಠದಲ್ಲಿ ಬರುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆಯೇ. ಅವರ ಫೋಟೊ ತೆಗೆದುಕೊಂಡು ಯಾರೋ ಏನೋ ಮಾಡಿದಾಗ ಅವರು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಮೊದಲು ಹೋಗುವುದು ಫೋನು, ಆಮೇಲೆ ಶಾಲೆ, ಆಮೇಲೆ ಮದುವೆ ಮಾತು. 1098 ಅನ್ನುವ ಮಕ್ಕಳ ಸಹಾಯವಾಣಿ ಇದೆ ಎಂದು ಗೋಡೆ ಮೇಲೆ ಬರೆಸಿದ್ದೇವೆ. ಗೋಡೆ ಮೇಲಿನ ನಂಬರು ನೋಡಿ ಮಗು ಫೋನ್ ಮಾಡಬೇಕಾದರೆ ‘ಇದು ನಿನ್ನ ತಪ್ಪಲ್ಲ’ ಎಂದು ಒಬ್ಬ ದೊಡ್ಡವರು ಮೊದಲೇ ಹೇಳಿರಬೇಕು. ವಾರಕ್ಕೊಮ್ಮೆ ಕೂತು ಮಾತಾಡುವ ಟೀಚರ್ ಬಳಿ ಅದು ಸಾಧ್ಯ.

ಎಐ ಬಗ್ಗೆ ಈಗ ಎಲ್ಲರೂ ಮಾತಾಡುತ್ತಿದ್ದಾರೆ. ನಾನು ನಮ್ಮ ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ‘ನಮ್ಮ ಊರಿನ ದೀಪಾವಳಿ’ ಎಂದು ಬರೆದುಕೊಂಡು ಬನ್ನಿ ಎಂದಿದ್ದೆ. ಒಬ್ಬಳು ಬಹಳ ಶುದ್ಧವಾದ ಕನ್ನಡದಲ್ಲಿ ಎರಡು ಪುಟ ತಂದಳು. ದೀಪಗಳ ಸಾಲು, ಪಟಾಕಿ, ಲಕ್ಷ್ಮೀಪೂಜೆ, ಸಿಹಿ ಹಂಚುವುದು. ಕಾಗುಣಿತದ ತಪ್ಪು ಒಂದೂ ಇಲ್ಲ. ಅವಳ ಊರು ಮಲೆ ಮಹದೇಶ್ವರ ಬೆಟ್ಟದ ಪಕ್ಕ. ಅಲ್ಲಿ ದೀಪಾವಳಿಗೆ ಹಾಲರವಿ ಉತ್ಸವ ನಡೆಯುತ್ತದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಾಲರೆ ಹಳ್ಳದಿಂದ ತಲೆ ಮೇಲೆ ನೀರು ಹೊತ್ತು ಬೆಟ್ಟಕ್ಕೆ ತರುತ್ತಾರೆ. ಅವಳ ಅಕ್ಕನೇ ಹಾಲರವಿ ಹೊತ್ತಿದ್ದಳು. ಅದರ ಒಂದು ಅಕ್ಷರವೂ ಆ ಎರಡು ಪುಟಗಳಲ್ಲಿ ಇರಲಿಲ್ಲ.

ನಾನು ಬೈಯಲಿಲ್ಲ. ‘ಇದರಲ್ಲಿ ನಿಮ್ಮೂರು ಎಲ್ಲಿದೆ, ಗೆರೆ ಎಳೆದು ತೋರಿಸು’ ಎಂದೆ. ಅವಳು ಎರಡು ಪುಟವನ್ನೂ ಓದಿದಳು. ಎಲ್ಲೂ ಎಳೆಯಲಿಲ್ಲ. ಮಾರನೇ ದಿನ ಅಕ್ಕನನ್ನು ಕೇಳಿ ಬರೆದುಕೊಂಡು ಬಂದಳು. ಉಪವಾಸ ಇದ್ದದ್ದು, ಬರಿಗಾಲಲ್ಲಿ ಕಾಡುದಾರಿ ಹತ್ತಿದ್ದು, ನೀರು ತುಳುಕದ ಹಾಗೆ ಕತ್ತು ಹಿಡಿದು ನೋವು ಬಂದದ್ದು. ಅಕ್ಷರ ತಪ್ಪುಗಳಿದ್ದವು. ಆದರೆ ಅವಳು ಓದುತ್ತಿದ್ದರೆ ತರಗತಿಯೇ ಸುಮ್ನೆ ಕೂತಿತು.

ಎಐಗೆ ಇದು ಗೊತ್ತಾಗದಿರಲು ಒಂದು ಕಾರಣ, ನಮ್ಮ ಊರುಗಳ ಬಗ್ಗೆ ಕನ್ನಡದಲ್ಲಿ ಇಂಟರ್‌ನೆಟ್ಟಿನಲ್ಲಿ ಬರೆದಿರುವುದೇ ಕಡಿಮೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದಕ್ಕೆ ಬರೆಯಬಹುದು ಅನ್ನುವುದೇ ನಮ್ಮ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ನಮ್ಮ ಹತ್ತನೇ ತರಗತಿಯ ಮಕ್ಕಳು ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಕನ್ನಡ ಕೀಬೋರ್ಡ್ ಹಾಕಿಕೊಳ್ಳುವುದನ್ನು ಯಾರೂ ತೋರಿಸಿಲ್ಲ. ಯುನಿಕೋಡ್ ಅಂದರೇನು, ಅದರಲ್ಲಿ ಬರೆದರೆ ಮಾತ್ರ ಜಗತ್ತಿನ ಯಾವ ಮೂಲೆಯಲ್ಲಿ ಹುಡುಕಿದರೂ ಸಿಗುತ್ತದೆ ಅನ್ನುವುದು ಗೊತ್ತಿಲ್ಲ. ಓದುವುದರ ಜೊತೆಗೆ ಬರೆಯುವುದೂ ಈ ಪೀರಿಯಡ್ಡಿನ ಭಾಗವಾಗಲಿ. ತಮ್ಮ ಕೆರೆ, ಜಾತ್ರೆ, ಬೆಳೆ, ಪೋಡಿನ ಗೆಡ್ಡೆ ಗೆಣಸು, ಇವುಗಳ ಬಗ್ಗೆ ಮಕ್ಕಳೇ ಕೇಳಿ ತಿಳಿದು ಕನ್ನಡದಲ್ಲಿ ಟೈಪ್ ಮಾಡಲಿ.

ಫೋನನ್ನೇ ಮಕ್ಕಳಿಂದ ದೂರ ಇಡಬೇಕು ಎನ್ನುವವರೂ ಇದ್ದಾರೆ. ಸ್ವೀಡನ್ 2023ರಲ್ಲಿ ಅಚ್ಚಿನ ಪುಸ್ತಕಗಳ ಕಡೆಗೆ ಮತ್ತೆ ಹೊರಳಿತು. ಆಸ್ಟ್ರೇಲಿಯಾ 2025ರ ಡಿಸೆಂಬರಿನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಇಲ್ಲ ಎಂದಿತು. ಆ ಆತಂಕ ನನಗೂ ಇದೆ. ಸಣ್ಣ ತರಗತಿಗಳಿಗೆ ಫೋನು ಬೇಡವೇ ಬೇಡ, ಅಲ್ಲಿ ಪುಸ್ತಕ, ಮಣ್ಣು, ಆಟ ಇರಲಿ ಎಂದು ನಾನೂ ಹೇಳುತ್ತೇನೆ. ಶಾಲೆಯೊಳಗೆ ಮಕ್ಕಳು ಫೋನು ತರಬಾರದು ಅನ್ನುವ ನಿಯಮವೂ ಸರಿ. ಆದರೆ ನಮ್ಮಲ್ಲಿ ಖಾತೆ ಅಪ್ಪನ ಹೆಸರಲ್ಲಿರುತ್ತದೆ, ನೋಡುವುದು ಮಗು. ಹದಿನಾರು ತುಂಬಿದ ದಿನ ವಿವೇಕ ತಾನಾಗಿ ಬರುವುದೂ ಇಲ್ಲ.

ನಮ್ಮ ಗಡಿಯಾಚೆಗಿನ ಕೇರಳವನ್ನು ನೋಡಿ. ಗುಂಡ್ಲುಪೇಟೆ ದಾಟಿದರೆ ವಯನಾಡು. ಅಲ್ಲಿ 2001ರಿಂದ ಐಟಿ ಅಟ್ ಸ್ಕೂಲ್ ಯೋಜನೆ ನಡೆಯಿತು, ಅದೇ ಆಮೇಲೆ ಕೈಟ್ ಎನ್ನುವ ಸಂಸ್ಥೆಯಾಯಿತು. ಶಾಲೆಗಳಲ್ಲಿ ಬಳಸುವುದು ಸ್ವತಂತ್ರ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ, ಬದಲಾಯಿಸಿಕೊಳ್ಳಬಹುದಾದ ಸಾಫ್ಟ್‌ವೇರ್. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬುಗಳಿವೆ. ‘ಸತ್ಯಮೇವ ಜಯತೇ’ ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸುವುದನ್ನು ಸರ್ಕಾರಿ ಶಾಲೆಗಳಲ್ಲೇ ಕಲಿಸಿದರು. ನಮ್ಮಲ್ಲಿ ಯೋಜನೆಗಳು ಕಡಿಮೆ ಇರಲಿಲ್ಲ. ಮಾಹಿತಿ ಸಿಂಧು ಬಂತು, ಐಸಿಟಿ ಬಂತು, ಟಾಲ್ಪ್ ಬಂತು. ಒಂದು ಮುಗಿದ ಮೇಲೆ ಇನ್ನೊಂದು ಹೊಸದಾಗಿ ಶುರುವಾಯಿತು. ಅಲ್ಲಿ ಒಂದನ್ನೇ ಬೆಳೆಸಿದರು, ಶಿಕ್ಷಕರಿಂದಲೇ ಬೆಳೆಸಿದರು. ನಮ್ಮಲ್ಲೂ ಆಗುತ್ತೆ, ಯಾಕೆ ಆಗಲ್ಲ?

ಆಗಬೇಕಾದರೆ ಶಿಕ್ಷಕರ ಸಮಯ ಉಳಿಸಬೇಕು. ತಂತ್ರಜ್ಞಾನ ಶಾಲೆಗೆ ಬಂದ ಮೇಲೆ ನಮ್ಮ ಕೈಗೆ ಬಂದ ಜಾಸ್ತಿ ಕೆಲಸ ಯಾವುದು ಗೊತ್ತೇ? ಎಂಟ್ರಿ. ಹಾಜರಿ ಎಂಟ್ರಿ, ಬಿಸಿಯೂಟದ ಎಂಟ್ರಿ, ಅಂಕಗಳ ಎಂಟ್ರಿ, ಫೋಟೊ ತೆಗೆದು ಅಪ್‌ಲೋಡ್. ಒಂದೇ ಮಗುವಿನ ಒಂದೇ ಮಾಹಿತಿಯನ್ನು ಬೇರೆ ಬೇರೆ ಕಡೆ ತುಂಬುತ್ತೇವೆ. ಸರ್ವರ್ ಬಿಡುವಾಗಿರುವುದು ರಾತ್ರಿ, ಹಾಗಾಗಿ ರಾತ್ರಿ ಕೂರುತ್ತೇವೆ. ಒಮ್ಮೆ ತುಂಬಿದ ಮಾಹಿತಿಯನ್ನು ಎಲ್ಲ ಕಡೆಯೂ ಬಳಸುವಂತೆ ಮಾಡಿದರೆ ನಾನು ಕೇಳುವ ಪೀರಿಯಡ್ಡಿಗೆ ಬೇಕಾದ ತಯಾರಿಯ ಸಮಯ ತಾನಾಗಿ ಸಿಗುತ್ತದೆ.

ಇನ್ನೊಂದು ವಿನಂತಿ. ಇದನ್ನು ಪರೀಕ್ಷೆಯ ವಿಷಯ ಮಾಡಬೇಡಿ. ‘ಸೈಬರ್ ಸುರಕ್ಷತೆಯ ಐದು ಅಂಶಗಳನ್ನು ಬರೆಯಿರಿ’ ಎಂದು ಪ್ರಶ್ನೆಪತ್ರಿಕೆಗೆ ಬಂದ ದಿನ ಮಕ್ಕಳು ಉರುಹೊಡೆಯುತ್ತಾರೆ, ಗೈಡು ಬರುತ್ತದೆ, ಅಲ್ಲಿಗೆ ಮುಗಿಯಿತು. ಮಗು ಒಂದು ಸುದ್ದಿಯನ್ನು ಹೇಗೆ ಪರೀಕ್ಷಿಸಿತು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಪಠ್ಯಪುಸ್ತಕದಲ್ಲೂ ಪ್ರತ್ಯೇಕ ಪುಸ್ತಕ ಬೇಡ. ಕನ್ನಡದ ಪುಸ್ತಕದಲ್ಲಿ ಒಂದು ಪಾಠ, ಸಮಾಜ ವಿಜ್ಞಾನದಲ್ಲಿ ಒಂದು, ವಿಜ್ಞಾನದಲ್ಲಿ ಔಷಧಿ ಮದ್ದಿನ ಸುಳ್ಳು ಸಂದೇಶಗಳ ಬಗ್ಗೆ ಒಂದು. ಉದಾಹರಣೆಗಳನ್ನು ಆಯಾ ಜಿಲ್ಲೆಯ ಶಿಕ್ಷಕರೇ ಕೊಡಲಿ, ಪ್ರತಿ ವರ್ಷ ಬದಲಾಯಿಸಲಿ. ಹೋದ ವರ್ಷದ ವಂಚನೆ ಈ ವರ್ಷಕ್ಕೆ ಹಳತು.

ಮೊದಲಿಗೆ ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಮಾಡಿ ನೋಡಬಹುದು. ಎಜುಸ್ಯಾಟ್ ಪ್ರಯೋಗಕ್ಕೆ ನಮ್ಮ ಜಿಲ್ಲೆ ಒಪ್ಪಿಕೊಂಡಿತ್ತು, ಇದಕ್ಕೂ ಒಪ್ಪಿಕೊಳ್ಳುತ್ತದೆ. ಜಿಲ್ಲೆಯ ಬೇರೆ ಬೇರೆ ಶಾಲೆಗಳಲ್ಲಿ ಇಂಥ ತರಗತಿಗಳನ್ನು ತಾವಾಗಿಯೇ ಮಾಡುತ್ತಿರುವ ಶಿಕ್ಷಕ ಶಿಕ್ಷಕಿಯರು ಕೆಲವರು ನನಗೆ ಗೊತ್ತು. ನಮ್ಮ ಹತ್ತಿರ ಮಕ್ಕಳೇ ಬಿಡಿಸಿ ನೋಡಿದ ಸಂದೇಶಗಳು, ವಿಡಿಯೊಗಳ ಸಂಗ್ರಹ ಇದೆ, ಯಾವ ತರಗತಿಗೆ ಯಾವುದು ಹೊಂದುತ್ತದೆ ಎಂದು ಗುರುತು ಹಾಕಿಟ್ಟಿದ್ದೇವೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಅಂತಿಮವಾಗುವ ಮೊದಲು ಒಂದು ದಿನ ಕರೆಯಿರಿ. ರಜೆಯಲ್ಲಾದರೂ ಸರಿ, ನಮ್ಮ ಖರ್ಚಿನಲ್ಲೇ ಬಂದು ಎಲ್ಲವನ್ನೂ ನಿಮ್ಮ ಮುಂದೆ ಇಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸಮಾಜ ವಿಜ್ಞಾನ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ, ಚಾಮರಾಜನಗರ ಜಿಲ್ಲೆ